ಕೈಗೆ ಸಿಗದ ಜಾಗದ ನೋವು

ಬೆನ್ನುನೋವು ಅಂದ ಕೂಡಲೇ ಎಲ್ಲರ ಕೈ ಸೊಂಟಕ್ಕೆ ಹೋಗುತ್ತದೆ. ಇದು ಸೊಂಟದ ಮಾತಲ್ಲ. ಕತ್ತಿನ ಬುಡದಿಂದ ಪಕ್ಕೆಲುಬು ಮುಗಿಯುವವರೆಗಿನ ಬೆನ್ನಿನ ಮಾತು. ಅದರಲ್ಲೂ ಎರಡು ಹೆಗಲೆಲುಬುಗಳ ನಡುವಿನ ಅಂಗೈ ಅಗಲದ ಜಾಗ: ಒಂದು ಕೈ ಮೇಲಿಂದ ಹಾಕಿದರೂ ಇನ್ನೊಂದು ಕೈ ಕೆಳಗಿಂದ ತಂದರೂ ಬೆರಳ ತುದಿಗೆ ಸಿಕ್ಕಿಯೂ ಸಿಗದ ಹಾಗೆ ಇರುತ್ತದಲ್ಲ, ಅದು. ಬಾಗಿಲ ಚೌಕಟ್ಟಿನ ಅಂಚಿಗೆ ಬೆನ್ನು ಒತ್ತಿ ಉಜ್ಜುತ್ತಾ ನಿಂತವರನ್ನು ಕೇಳಿದರೆ ಸರಿಯಾಗಿ ತೋರಿಸುತ್ತಾರೆ.

ಈ ಭಾಗದ ಬೆನ್ನುಮೂಳೆಯಲ್ಲಿ 12 ಮಣಿಗಳಿವೆ. ಪ್ರತಿ ಮಣಿಗೂ ಎರಡೂ ಕಡೆಯಿಂದ ಒಂದೊಂದು ಪಕ್ಕೆಲುಬು ಬಂದು ಕೂಡುತ್ತದೆ, ಒಟ್ಟು 24. ಪಂಜರದ ಹಾಗೆ ಕಟ್ಟಿರುವುದರಿಂದ ಕತ್ತು, ಸೊಂಟ ಬಾಗುವಷ್ಟು ಇದು ಬಾಗುವುದಿಲ್ಲ. ಅದಕ್ಕೇ ‘ಡಿಸ್ಕ್ ಜಾರಿದೆ’ ಅನ್ನುವ ತೊಂದರೆ, ಅಂದರೆ ಮಣಿಗಳ ನಡುವಿನ ಮೆತ್ತೆ ಸರಿಯುವುದು, ಇಲ್ಲಿ ಅಪರೂಪ. ಇಲ್ಲಿನ ನೋವು ಬಹುಪಾಲು ಸ್ನಾಯುವಿನದು, ಇಲ್ಲವೇ ಪಕ್ಕೆಲುಬಿನ ಕೀಲಿನದು, ಇಲ್ಲವೇ ಕತ್ತಿನಿಂದ ಇಳಿದು ಬಂದದ್ದು. ಸ್ವಲ್ಪ ಪಾಲು ಮಾತ್ರ ಬೆನ್ನಿನದೇ ಅಲ್ಲ, ಒಳಗಿನ ಅಂಗಗಳದು. ಆ ಸ್ವಲ್ಪದಲ್ಲಿ ತಡ ಮಾಡುವಂತಿಲ್ಲ, ಹಾಗಾಗಿ ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಹೃದಯಾಘಾತದ ನೋವು ಎದೆಯಲ್ಲೇ ಬರಬೇಕೆಂದೇನೂ ಇಲ್ಲ. ಕೆಲವರಿಗೆ ಹೆಗಲೆಲುಬುಗಳ ನಡುವೆ ಭಾರ ಇಟ್ಟ ಹಾಗೆ, ಒತ್ತಿ ಹಿಡಿದ ಹಾಗೆ ಬರುತ್ತದೆ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಹೀಗಾಗುವುದು ಹೆಚ್ಚು. ಜೊತೆಗೆ ತಣ್ಣನೆ ಬೆವರು, ಉಸಿರು ಸಾಲದಂತಾಗುವುದು, ವಾಕರಿಕೆ, ದವಡೆಗೋ ಕೈಗೋ ಹರಿಯುವ ನೋವು ಇದ್ದರೆ, ಅಥವಾ ಮೆಟ್ಟಿಲು ಹತ್ತಿದಾಗ ಶುರುವಾಗಿ ನಿಂತಾಗ ಇಳಿಯುತ್ತಿದ್ದರೆ, ಅದನ್ನು ‘ಗ್ಯಾಸ್’ ಎಂದುಕೊಂಡು ಜೀರಿಗೆ ಕಷಾಯ, ಸೋಡಾ ಕುಡಿಯುತ್ತಾ ಕೂರಬೇಡಿ. ನಮ್ಮಲ್ಲಿ ಅಮೂಲ್ಯ ಗಂಟೆಗಳು ಹಾಳಾಗುವುದು ಈ ಗ್ಯಾಸ್ ಅನ್ನುವ ಒಂದು ಪದದಿಂದ. 108ಕ್ಕೆ ಕರೆ ಮಾಡಿ, ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ. ಕರ್ನಾಟಕದ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಇಸಿಜಿಯೂ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನೂ ಉಚಿತವಾಗಿ ಸಿಗುತ್ತವೆ. ಬೆನ್ನು ಒತ್ತಿದರೆ ನೋಯುತ್ತದೆ, ಹಾಗಾಗಿ ಇದು ಸ್ನಾಯುವೇ ಎಂದು ನೀವೇ ತೀರ್ಪು ಕೊಡಬೇಡಿ. ಎರಡೂ ಒಟ್ಟಿಗೆ ಇರಬಹುದು. ಇನ್ನು ಒಮ್ಮೆಲೇ ಹರಿದು ಸೀಳಿದಂತೆ ಬಂದು ಕೆಳಗಿಳಿಯುವ ನೋವು, ಅದೂ ರಕ್ತದೊತ್ತಡ ಇರುವವರಲ್ಲಿ, ಮಹಾಧಮನಿಯ ಗೋಡೆ ಸೀಳಿರುವ ಸೂಚನೆ ಆಗಬಹುದು. ಅದಕ್ಕೂ ಇದೇ ಅವಸರ.

ಎಣ್ಣೆತಿಂಡಿ ತಿಂದ ಮೇಲೆ ಬಲ ಹೆಗಲೆಲುಬಿನ ಕೆಳತುದಿಯಲ್ಲಿ ಬಂದು ಕೆಲವು ಗಂಟೆ ಇದ್ದು ಹೋಗುವ ನೋವು ಪಿತ್ತಕೋಶದ ಕಲ್ಲಿನದಾಗಿರಬಹುದು. ಹೊಟ್ಟೆಯ ಮೇಲ್ಭಾಗದಿಂದ ಬೆನ್ನಿಗೆ ತೂತು ಕೊರೆದಂತೆ ಹೋಗಿ, ಮುಂದೆ ಬಗ್ಗಿ ಕೂತರೆ ಸ್ವಲ್ಪ ತಗ್ಗುವುದು ಮೇದೋಜೀರಕ ಗ್ರಂಥಿಯದು. ಬೆನ್ನಿನ ಒಂದೇ ಬದಿಯಲ್ಲಿ ಪಟ್ಟಿಯಂತೆ ಉರಿ, ಅಂಗಿ ತಾಗಿದರೂ ಸಹಿಸಲಾಗದ ಚುರುಚುರು ಇದ್ದರೆ ಎರಡು ಮೂರು ದಿನ ಚರ್ಮ ನೋಡುತ್ತಿರಿ. ಸರ್ಪಸುತ್ತಿನ ಗುಳ್ಳೆ ಏಳುವ ಮುಂಚೆ ನೋವು ಹೀಗೇ ಬರುತ್ತದೆ. ಗುಳ್ಳೆ ಕಂಡ 72 ಗಂಟೆಯೊಳಗೆ ವೈರಾಣು ನಿಗ್ರಹಿಸುವ ಮಾತ್ರೆ ಶುರುವಾದರೆ ಗುಣ ಹೆಚ್ಚು. ಅದರ ಮೇಲೆ ಕೆಮ್ಮಣ್ಣು ಬಳಿದು ಕಾಯುವುದರಲ್ಲಿ ಆ ಮೂರು ದಿನ ಕಳೆದುಹೋಗುತ್ತವೆ.

ನಮ್ಮ ದೇಶದಲ್ಲಿ ಮರೆಯಬಾರದ ಇನ್ನೊಂದು, ಬೆನ್ನುಮೂಳೆಯ ಕ್ಷಯ. ಕ್ಷಯ ಅಂದರೆ ಕೆಮ್ಮು ಅಂತಲೇ ನಮ್ಮ ಲೆಕ್ಕ, ಇಲ್ಲಿ ಕೆಮ್ಮು ಇಲ್ಲದೆಯೂ ಇರಬಹುದು. ವಾರಗಟ್ಟಲೆ ಬಿಡದ ನೋವು, ಮಲಗಿದರೂ ರಾತ್ರಿ ಎಬ್ಬಿಸುವುದು, ಸಂಜೆ ಜ್ವರ, ತೂಕ ಇಳಿಯುವುದು, ಬೆನ್ನಿನ ಒಂದು ಮಣಿ ಮಾತ್ರ ಗುಬುಟಾಗಿ ಕೈಗೆ ಸಿಗುವುದು ಇದರ ಗುರುತು. ಬೇಗ ಗೊತ್ತಾದರೆ ಒಂದು ವರ್ಷದ ಆಸುಪಾಸಿನ ಮಾತ್ರೆಯಲ್ಲೇ ಹೆಚ್ಚಿನವರಿಗೆ ವಾಸಿಯಾಗುತ್ತದೆ, ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ಅರವತ್ತು ದಾಟಿದ ಹೆಂಗಸರು, ಅಸ್ತಮಾಕ್ಕೋ ಸಂಧಿವಾತಕ್ಕೋ ಬಹಳ ದಿನ ಸ್ಟೀರಾಯ್ಡ್ ನುಂಗಿದವರು ಒಂದು ಬಿಂದಿಗೆ ಎತ್ತಿದ ಮೇಲೆ ಪಟ್ ಎಂದು ಶುರುವಾದ ನೋವಿಗೆ ಎಕ್ಸ್‌ರೇ ತೆಗೆಸಬೇಕು, ಸವೆದ ಮಣಿ ಕುಸಿದಿರಬಹುದು. ಹಿಂದೆ ಕ್ಯಾನ್ಸರ್ ಆಗಿದ್ದವರಿಗೆ ಹೊಸ ಬೆನ್ನುನೋವು ಬಂದರೂ ಕಾಯುವಂತಿಲ್ಲ. ಮತ್ತೆ ಒಂದು ಸಣ್ಣ ಗುರುತು, ವೈದ್ಯರು ತಪ್ಪದೇ ಕೇಳುವುದು: ನಡೆಯುವಾಗ ಕಾಲಿಂದ ಚಪ್ಪಲಿ ಕಳಚಿ ಹೋದದ್ದು ಗೊತ್ತಾಗುವುದಿಲ್ಲವೇ? ಗೊತ್ತಾಗದಿದ್ದರೆ, ಅಥವಾ ಕಾಲು ಸೋಲುತ್ತಿದ್ದರೆ, ಮೂತ್ರ ಹಿಡಿತ ತಪ್ಪಿದ್ದರೆ, ಬೆನ್ನುಹುರಿ ಒತ್ತಿಕೊಂಡಿರಬಹುದು. ಅದು ಅದೇ ದಿನದ ಕೆಲಸ.

ಇವು ಯಾವುವೂ ಅಲ್ಲದಿದ್ದರೆ, ಅಂದರೆ ಬಹುತೇಕರಿಗೆ, ಇನ್ನು ಮುಂದಿನದು.

ಮನೆಯ ಹಿತ್ತಲಲ್ಲಿ ಬಟ್ಟೆ ಒಣಹಾಕುವ ಹಗ್ಗ ನೋಡಿ. ಒದ್ದೆ ಬಟ್ಟೆ ತೂಗಿಬಿಟ್ಟಾಗ ಮುಟ್ಟಿದರೆ ಬಿಗಿಯಾಗಿ ಸಿಗುತ್ತದೆ. ಹಗ್ಗ ಗಿಡ್ಡವಾಗಿದೆ ಅಂತಲ್ಲ, ಭಾರ ಎಳೆಯುತ್ತಿದೆ ಅಂತ. ಹೆಗಲೆಲುಬುಗಳ ನಡುವಿನ ಸ್ನಾಯು ಬಿಗಿಯಾಗುವುದು ಹೀಗೆಯೇ. ಕೈ ಎರಡೂ ಮುಂದೆ, ತಲೆ ಮುಂದೆ, ಎದೆಯ ಸ್ನಾಯು ಮುದುಡಿ ಗಿಡ್ಡ; ಹಿಂದಿನ ಸ್ನಾಯು ಇಡೀ ದಿನ ಉದ್ದಕ್ಕೆ ಎಳೆದುಕೊಂಡೇ ತೋಳು, ತಲೆಗಳ ಭಾರ ಹಿಡಿದಿರುತ್ತದೆ. ನೋಯುವುದು ಹಿಂದೆ, ಎಳೆಯುತ್ತಿರುವುದು ಮುಂದೆ. ಹಾಗಾಗಿಯೇ ತನ್ನನ್ನು ತಾನು ತಬ್ಬಿಕೊಂಡ ಹಾಗೆ ಬೆನ್ನು ದುಂಡಗೆ ಮಾಡಿ ಎಳೆಯುವುದು, ಮನೆಯವರ ಕೈಲಿ ಗುದ್ದಿಸಿಕೊಳ್ಳುವುದು ಹತ್ತು ನಿಮಿಷ ಹಾಯೆನಿಸುತ್ತದೆ, ಆಮೇಲೆ ಅಷ್ಟೇ. ಎಳೆದು ಬಿಗಿಯಾದ ಹಗ್ಗವನ್ನು ಇನ್ನಷ್ಟು ಎಳೆದು ಸಡಿಲ ಮಾಡಲಾಗುವುದಿಲ್ಲ.

ತಲೆಯ ತೂಕ ಸುಮಾರು 5 ಕಿಲೋ. ಮೊಬೈಲ್ ನೋಡಲು 60 ಡಿಗ್ರಿ ಬಗ್ಗಿಸಿದರೆ ಕತ್ತಿನ ಮೇಲೆ 27 ಕಿಲೋ ಬೀಳುತ್ತದೆ ಅನ್ನುವ ಚಿತ್ರ ವಾಟ್ಸಾಪ್‌ನಲ್ಲಿ ಎಲ್ಲರೂ ನೋಡಿರುತ್ತೀರಿ. ಅದು 2014ರಲ್ಲಿ ಒಬ್ಬ ಶಸ್ತ್ರವೈದ್ಯರು ಕಂಪ್ಯೂಟರ್ ಮಾದರಿಯಲ್ಲಿ ಹಾಕಿದ ಲೆಕ್ಕ, ಮನುಷ್ಯರ ಕತ್ತಿನಲ್ಲಿ ಅಳೆದದ್ದಲ್ಲ. ಬಗ್ಗಿದಷ್ಟೂ ಭಾರ ಹೆಚ್ಚು ಅನ್ನುವುದು ನಿಜ. ಬಗ್ಗಿದ ಎಲ್ಲರಿಗೂ ನೋವು ಬರುತ್ತದೆ ಅನ್ನುವುದು ನಿಜವಲ್ಲ. ‘ನೆಟ್ಟಗೆ ಕೂತ್ಕೋ’ ಎಂದು ಮಕ್ಕಳನ್ನು ಗದರಿಸುವುದರಿಂದ ಏನೂ ಆಗುವುದಿಲ್ಲ. ಕೋಲು ನುಂಗಿದ ಹಾಗೆ ನೆಟ್ಟಗೆ ಎರಡು ಗಂಟೆ ಕೂತರೂ ಅದೇ ನೋವು. ಕೆಡಿಸುವುದು ಒಂದೇ ಭಂಗಿಯಲ್ಲಿ ಅಲುಗಾಡದೆ ಇರುವುದು.

ಆದರೆ ನೋವು ಕತ್ತಿನಿಂದ ಬಂದಿದ್ದರೆ ಲೆಕ್ಕ ಬೇರೆ. 1959ರಲ್ಲಿ ಅಮೆರಿಕದ ನರಶಸ್ತ್ರಜ್ಞ ರಾಲ್ಫ್ ಕ್ಲೋವರ್ಡ್ ಕತ್ತಿನ ಡಿಸ್ಕುಗಳನ್ನು ಸೂಜಿಯಿಂದ ಕೆಣಕಿದಾಗ ರೋಗಿಗಳು ನೋವು ತೋರಿಸಿದ್ದು ಹೆಗಲೆಲುಬಿನ ಒಳ ಅಂಚಿನಲ್ಲಿ. ಮನೆಯಲ್ಲೇ ಒಂದು ಸುಳಿವು ಸಿಗುತ್ತದೆ: ನಿಧಾನವಾಗಿ ಮೇಲೆ ನೋಡಿ, ಹಾಗೇ ನೋವಿರುವ ಬದಿಗೆ ಮುಖ ತಿರುಗಿಸಿ. ಬೆನ್ನಿನ ಅದೇ ಜಾಗ ಚುರುಕ್ ಎಂದರೆ, ಅಥವಾ ಕೈ ಎತ್ತಿ ಅಂಗೈಯನ್ನು ನೆತ್ತಿಯ ಮೇಲೆ ಇಟ್ಟುಕೊಂಡಾಗ ನೋವು ಇಳಿದರೆ, ಮೂಲ ಕತ್ತು. ರಾತ್ರಿ ಒಂದು ಕೈ ತಲೆಯ ಮೇಲಿಟ್ಟೇ ನಿದ್ದೆ ಮಾಡುವವರು ಇದನ್ನು ತಮಗೇ ತಿಳಿಯದೆ ಕಂಡುಕೊಂಡಿರುತ್ತಾರೆ. ಬೆರಳು ಜೋಮು ಹಿಡಿಯುತ್ತಿದ್ದರೆ, ಹಿಡಿತ ಸೋಲುತ್ತಿದ್ದರೆ ವೈದ್ಯರ ಬಳಿ ಹೋಗಿ.

ಪಕ್ಕೆಲುಬಿನ ಕೀಲು ಹಿಡಿದದ್ದನ್ನು ಗುರುತಿಸುವುದು ಸುಲಭ. ಜನ ‘ಚಳುಕು’ ಅನ್ನುವುದು ಹೆಚ್ಚಾಗಿ ಇದನ್ನೇ. ಸೀನಿದಾಗಲೋ, ಕೆಮ್ಮಿ ಕೆಮ್ಮಿ ಸುಸ್ತಾದಾಗಲೋ, ಕಾರಿನ ಹಿಂದಿನ ಸೀಟಿನಿಂದ ಬ್ಯಾಗು ಎಳೆದುಕೊಂಡಾಗಲೋ ಶುರು. ಬೆನ್ನುಮೂಳೆಯಿಂದ ಎರಡು ಬೆರಳು ಪಕ್ಕದಲ್ಲಿ ಒಂದು ಬಿಂದು. ಉಸಿರು ಪೂರ್ತಿ ಎಳೆದರೆ ಚುಚ್ಚಿ ನಿಲ್ಲಿಸುತ್ತದೆ. ಹೆದರಿಸುತ್ತದೆ, ಆದರೆ ಒಂದೆರಡು ವಾರದಲ್ಲಿ ತಾನೇ ಬಿಡುತ್ತದೆ. ಜ್ವರ, ಏದುಸಿರು, ಒಂದು ಕಾಲಿನ ಮೀನಖಂಡ ಊದಿರುವುದು ಜೊತೆಗಿದ್ದರೆ ಮಾತ್ರ ಇದು ಶ್ವಾಸಕೋಶದ ವಿಷಯ, ಕೂಡಲೇ ತೋರಿಸಿ. ನಲವತ್ತರ ಒಳಗಿನವರಿಗೆ ಮೂರು ತಿಂಗಳಿಗೂ ಮೀರಿ ಬೆಳಿಗ್ಗೆ ಅರ್ಧ ಗಂಟೆ ಬೆನ್ನು ಮರಗಟ್ಟಿ, ಓಡಾಡಿದ ಮೇಲೆ ಸಡಿಲವಾಗುತ್ತಿದ್ದರೆ ಅದು ಸಂಧಿವಾತದ ಒಂದು ಬಗೆ ಇರಬಹುದು. ಅದಕ್ಕೆ ಸಂಧಿವಾತ ತಜ್ಞರನ್ನೇ ನೋಡಬೇಕು.

ಈಗ ಕೆಲಸದ ಜಾಗಕ್ಕೆ ಬರೋಣ. ಲ್ಯಾಪ್‌ಟಾಪಿನ ತೊಂದರೆ ಇಷ್ಟೇ: ಕೀಬೋರ್ಡು ಕೈಗೆ ಸರಿ ಬಂದರೆ ಪರದೆ ಕಣ್ಣಿಗೆ ಕೆಳಗಾಗುತ್ತದೆ, ಪರದೆ ಸರಿ ಬಂದರೆ ಕೈ ಮೇಲಾಗುತ್ತದೆ. ದಪ್ಪ ಪುಸ್ತಕಗಳನ್ನು ಪೇರಿಸಿ ಪರದೆಯ ಮೇಲಂಚನ್ನು ಕಣ್ಣಿನ ಮಟ್ಟಕ್ಕೆ ತನ್ನಿ, ಸಾಮಾನ್ಯವಾಗಿ 12ರಿಂದ 15 ಸೆಂ.ಮೀ. ಬೇಕಾಗುತ್ತದೆ, ಬೇರೆ ಕೀಬೋರ್ಡು, ಮೌಸು ಇಟ್ಟುಕೊಳ್ಳಿ. ಬಲಗಡೆ ಮಾತ್ರ ನೋಯುವವರು ಮೌಸ್ ಎಲ್ಲಿದೆ ನೋಡಿ. ಅಂಕಿಗಳ ಗುಂಡಿ ಇರುವ ಅಗಲದ ಕೀಬೋರ್ಡಿನ ಆಚೆ ಮೌಸ್ ಇದ್ದರೆ ಮೊಣಕೈ ದೇಹದಿಂದ ದೂರ ಚಾಚಿಕೊಂಡೇ ಇರುತ್ತದೆ. ಆ ಚಾಚಿದ ತೋಳನ್ನು ಎಂಟು ಗಂಟೆ ಹಿಡಿದುಕೊಂಡಿರುವುದು ಹೆಗಲ ಹಿಂದಿನ ಸ್ನಾಯು. ಅರ್ಧ ಗಂಟೆಗೊಮ್ಮೆ ಎದ್ದು ಒಂದು ನಿಮಿಷ ಓಡಾಡುವುದು ದುಬಾರಿ ಕುರ್ಚಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಚಿಕ್ಕ ಲೋಟದಲ್ಲಿ ನೀರಿಟ್ಟುಕೊಂಡರೆ ಅಲಾರಂ ಬೇಕಿಲ್ಲ.

ಅಡುಗೆಮನೆಯ ಬಗ್ಗೆ ಯಾರೂ ಇಷ್ಟು ಮಾತಾಡುವುದಿಲ್ಲ, ಅಲ್ಲಿ ಕಳೆಯುವ ಹೊತ್ತು ಕಡಿಮೆಯೇನಲ್ಲ. ಕಟ್ಟೆ ಮೊಣಕೈಗಿಂತ 10ರಿಂದ 15 ಸೆಂ.ಮೀ. ಕೆಳಗಿದ್ದರೆ ತರಕಾರಿ ಹೆಚ್ಚಲು ಸರಿ. ನಿಜವಾದ ಕಾಟ ಸಿಂಕಿನದು. ಕಟ್ಟೆ ಸರಿಯಿದ್ದರೂ ಪಾತ್ರೆ ಕೂರುವುದು ಅದಕ್ಕಿಂತ 20 ಸೆಂ.ಮೀ. ಕೆಳಗೆ, ಉಜ್ಜುವಾಗ ಬೆನ್ನು ಕೊಕ್ಕೆಯಾಗುತ್ತದೆ. ಸಿಂಕಿನೊಳಗೆ ಒಂದು ಪ್ಲಾಸ್ಟಿಕ್ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಪಾತ್ರೆ ಇಟ್ಟು ತೊಳೆಯಿರಿ, ಸಿಂಕಿನ ಕೆಳಗಿನ ಬಾಗಿಲು ತೆರೆದು ಒಂದು ಕಾಲನ್ನು ಒಳಗೆ ಇಟ್ಟುಕೊಳ್ಳಿ. ಆ ಎರಡೇ ಬದಲಾವಣೆ ಸಾಕು. ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುವವರು, ಹೊಲಿಗೆ ಯಂತ್ರದ ಮುಂದಿರುವವರು, ಜೋಳದ ರೊಟ್ಟಿ ಬಡಿಯುವವರು ಕೆಲಸದ ಎತ್ತರ ಬದಲಿಸಲು ಆಗದಿದ್ದರೆ ಕೂರುವ ಮಣೆಯ ಎತ್ತರ ಬದಲಿಸಿ. ಸೊಂಟ ಮಂಡಿಗಿಂತ ಸ್ವಲ್ಪ ಮೇಲಿದ್ದರೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಬಾಣಂತಿಯರು ಮಗುವಿನತ್ತ ಬಗ್ಗದೆ, ತೊಡೆಯ ಮೇಲೆ ಎರಡು ದಿಂಬಿಟ್ಟು ಮಗುವನ್ನೇ ಎದೆಯ ಎತ್ತರಕ್ಕೆ ತರಬೇಕು.

ನೋವು ಜೋರಾಗಿರುವ ಮೊದಲ ದಿನಗಳಲ್ಲಿ ಬಿಸಿ ಶಾಖ 15ರಿಂದ 20 ನಿಮಿಷ, ದಿನಕ್ಕೆ ಎರಡು ಮೂರು ಸಲ. ಬಿಸಿನೀರ ಚೀಲಕ್ಕೆ ಟವೆಲ್ ಸುತ್ತಿಯೇ ಇಡಿ. ಹರಳುಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿದ ಗಂಟೂ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ಬಿದ್ದು ಪೆಟ್ಟಾಗಿದ್ದರೆ ಮೊದಲ ಎರಡು ದಿನ ಶಾಖ ಬೇಡ, ಐಸ್ ಇಡಿ. ಮುಲಾಮು ಹಚ್ಚಿ ಅದರ ಮೇಲೆಯೇ ಶಾಖ ಕೊಡಬೇಡಿ. ಮೆಂಥಾಲ್, ಮಿಥೈಲ್ ಸ್ಯಾಲಿಸಿಲೇಟ್ ಇರುವ ಮುಲಾಮಿನ ಜೊತೆ ಬಿಸಿ ಸೇರಿದರೆ ಚರ್ಮ ಸುಟ್ಟು ಬೊಬ್ಬೆ ಬರುತ್ತದೆ. ಹಾಸಿಗೆ ಹಿಡಿಯುವುದೂ ಬೇಡ, ಎರಡು ದಿನಕ್ಕೆ ಮೀರಿ ಮಲಗಿದರೆ ಬಿಗಿತ ಹೆಚ್ಚೇ ಆಗುತ್ತದೆ.

ಮಾತ್ರೆ ಬೇಕೆನಿಸಿದರೆ ಪಟ್ಟಿಯ ಹಿಂದೆ ಓದಿ. ಮೆಡಿಕಲ್ ಶಾಪಿನಲ್ಲಿ ‘ನೋವಿನ ಮಾತ್ರೆ ಕೊಡಿ’ ಅಂದಾಗ ಸಿಗುವುದರಲ್ಲಿ ಹೆಚ್ಚಾಗಿ ಅಸಿಕ್ಲೋಫೆನಾಕ್ 100 ಮಿ.ಗ್ರಾಂ. ಜೊತೆ ಪ್ಯಾರಾಸಿಟಮಾಲ್ 325 ಮಿ.ಗ್ರಾಂ. ಇರುತ್ತದೆ. ಅದರ ಮೇಲೆ ಮೈಕೈ ನೋವಿಗೆಂದು ಡೋಲೋ 650 ನುಂಗಿದರೆ ಪ್ಯಾರಾಸಿಟಮಾಲ್ ಎರಡು ಕಡೆಯಿಂದ ಒಳಗೆ ಹೋಗುತ್ತದೆ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ಅದರ ಗಡಿ 4 ಗ್ರಾಂ, ಕುಡಿತವಿದ್ದವರಿಗೆ, ತೂಕ ಕಡಿಮೆ ಇದ್ದವರಿಗೆ ಇನ್ನೂ ಕಡಿಮೆ. ಅಸಿಕ್ಲೋಫೆನಾಕ್, ಡೈಕ್ಲೋಫೆನಾಕ್, ಐಬುಪ್ರೊಫೇನ್ ಊಟದ ನಂತರ, ಮೂರರಿಂದ ಐದು ದಿನ. ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು, ಹೃದಯದ ಕಾಯಿಲೆ ಇದ್ದವರಿಗೆ, ಡೆಂಗಿ ಅನುಮಾನ ಇದ್ದಾಗ ಬೇಡವೇ ಬೇಡ. ವಿಟಮಿನ್ ಡಿ ಕೊರತೆಗೆ ಬರೆಯುವ 60,000 ಯೂನಿಟ್ಟಿನ ಪೊಟ್ಟಣ ವಾರಕ್ಕೆ ಒಂದು. ಚೀಟಿ ಸರಿಯಾಗಿ ಓದದೆ ದಿನಕ್ಕೊಂದು ತೆಗೆದುಕೊಂಡು ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಆಸ್ಪತ್ರೆ ಸೇರುವವರಿದ್ದಾರೆ.

ಇನ್ನು ವ್ಯಾಯಾಮ. ಮೊದಲು ಮುಂಭಾಗ ಬಿಡಿಸಬೇಕು, ನಡುಬೆನ್ನು ಅಲುಗಾಡಿಸಬೇಕು, ಆಮೇಲೆ ಹಿಂಭಾಗಕ್ಕೆ ಬಲ ತುಂಬಬೇಕು. ಈ ಮೂರನೆಯದನ್ನು ಬಿಡುವುದರಿಂದಲೇ ನೋವು ತಿಂಗಳಿಗೊಮ್ಮೆ ತಿರುಗಿ ಬರುತ್ತದೆ.

ಸ್ನಾನದ ಟವೆಲ್ ಒಂದನ್ನು ಉದ್ದಕ್ಕೆ ಮಡಿಸಿ, ಬಿಗಿಯಾಗಿ ಸುತ್ತಿ 8ರಿಂದ 10 ಸೆಂ.ಮೀ. ದಪ್ಪದ ಸುರುಳಿ ಮಾಡಿ, ಎರಡು ಕಡೆ ರಬ್ಬರ್ ಬ್ಯಾಂಡ್ ಹಾಕಿ. ಚಾಪೆಯ ಮೇಲೆ ಅಂಗಾತ ಮಲಗಿ, ಮಂಡಿ ಮಡಿಸಿ, ಸುರುಳಿಯನ್ನು ಹೆಗಲೆಲುಬಿನ ಕೆಳತುದಿಯ ಮಟ್ಟಕ್ಕೆ ಬೆನ್ನಿಗೆ ಅಡ್ಡಲಾಗಿ ಇಡಿ. ಕೈಗಳಿಂದ ತಲೆಗೆ ಆಸರೆ ಕೊಟ್ಟು ಐದಾರು ನಿಧಾನ ಉಸಿರು, ಉಸಿರು ಬಿಡುವಾಗ ಬೆನ್ನು ಸುರುಳಿಯ ಮೇಲೆ ಇಳಿಯಲಿ. ಆಮೇಲೆ ಸುರುಳಿಯನ್ನು ಮೂರು ಬೆರಳು ಮೇಲೆ ಸರಿಸಿ ಮತ್ತೆ ಅಷ್ಟೇ, ಹೀಗೆ ಮೂರು ಜಾಗ. ತಪ್ಪಾಗುವುದು ಎಲ್ಲಿ ಅಂದರೆ, ಸುರುಳಿ ಸೊಂಟಕ್ಕೆ ಜಾರುತ್ತದೆ, ಅಲ್ಲಿ ಬಾಗು ಸಿಕ್ಕಿ ‘ಚೆನ್ನಾಗಿ ಎಳೆಯಿತು’ ಅನಿಸುತ್ತದೆ, ನಡುಬೆನ್ನು ಇದ್ದ ಹಾಗೇ ಇರುತ್ತದೆ. ಮೂಳೆ ಸವೆತ ಇರುವವರು ಇದನ್ನು ಮಾಡಬಾರದು.

ಎದೆಗೆ ಬಾಗಿಲು ಸಾಕು. ಚೌಕಟ್ಟಿನ ಎರಡೂ ಬದಿಗೆ ಮುಂಗೈ ಒರಗಿಸಿ, ಮೊಣಕೈ ಭುಜದ ಎತ್ತರಕ್ಕೆ, ಒಂದು ಕಾಲು ಹೊಸ್ತಿಲಾಚೆ ಇಟ್ಟು ನಿಧಾನ ಮುಂದೆ ವಾಲಿ. 30 ಸೆಕೆಂಡು, ಮೂರು ಸಲ. ಹೆಗಲು ಕಿವಿಯ ಕಡೆ ಏರಿದರೆ ಎಳೆತ ಎದೆಯಿಂದ ಕತ್ತಿಗೆ ಹೋಗುತ್ತದೆ. ಭುಜದ ಮುಂದೆ ಚುಚ್ಚಿದರೆ ಮೊಣಕೈಯನ್ನು ಒಂದು ಗೇಣು ಇಳಿಸಿ.

ತಿರುಚುವುದಕ್ಕೆ ಪಕ್ಕಕ್ಕೆ ಮಲಗಿ, ತಲೆಗೆ ದಿಂಬು, ಮಂಡಿಗಳನ್ನು 90 ಡಿಗ್ರಿ ಮಡಿಸಿ ಒಂದರ ಮೇಲೊಂದು, ಕೈಗಳನ್ನು ಮುಂದೆ ಚಾಚಿ ಜೋಡಿಸಿ. ಮೇಲಿನ ಕೈಯನ್ನು ಪುಸ್ತಕದ ಹಾಳೆ ತಿರುವಿದಂತೆ ಆಚೆ ಬದಿಗೆ ತೆರೆಯಿರಿ, ಕಣ್ಣು ಕೈಯ ಹಿಂದೆ ಹೋಗಲಿ. ಮಂಡಿ ಎದ್ದರೆ ಸೊಂಟ ತಿರುಗಿತು ಅಂತ ಅರ್ಥ. ಬದಿಗೆ 8 ಸಲ.

ಬಲ ತುಂಬಲು ವ್ಯಾಯಾಮದ ಉದ್ದನೆಯ ರಬ್ಬರ್ ಬ್ಯಾಂಡನ್ನು ಕಿಟಕಿಯ ಕಬ್ಬಿಣದ ಸರಳಿಗೆ ಎದೆಮಟ್ಟದಲ್ಲಿ ಸಿಕ್ಕಿಸಿ. ತುದಿಗಳನ್ನು ಹಿಡಿದು ಮೊಣಕೈಯನ್ನು ಪಕ್ಕೆಗೆ ಉಜ್ಜಿಕೊಂಡೇ ಹಿಂದಕ್ಕೆ ಎಳೆಯಿರಿ, ಹೆಗಲೆಲುಬುಗಳ ನಡುವೆ ಒಂದು ಪೆನ್ಸಿಲ್ ಹಿಡಿಯುವ ಹಾಗೆ ಎರಡು ಸೆಕೆಂಡು ನಿಲ್ಲಿಸಿ, ಮೂರು ಸೆಕೆಂಡಿನಲ್ಲಿ ಬಿಡಿ. 12ರಂತೆ ಮೂರು ಸುತ್ತು, ದಿನ ಬಿಟ್ಟು ದಿನ. ಬ್ಯಾಂಡ್ ಇಲ್ಲದವರು ಬೋರಲು ಮಲಗಿ, ಹಣೆಯ ಕೆಳಗೆ ಮಡಿಸಿದ ಟವೆಲ್ ಇಟ್ಟು, ಕೈಗಳನ್ನು ಪಕ್ಕಕ್ಕೆ ಚಾಚಿ ಹೆಬ್ಬೆರಳು ಸೂರಿನ ಕಡೆಗಿಟ್ಟು ನೆಲದಿಂದ ನಾಲ್ಕು ಬೆರಳು ಎತ್ತಿ, 10 ಸಲ. ನೋಡಲು ಏನೂ ಅಲ್ಲ ಅನಿಸುತ್ತದೆ, ಏಳನೆಯದಕ್ಕೆ ನಡುಕ ಬರುತ್ತದೆ. ವ್ಯಾಯಾಮದಲ್ಲಿ ನೋವು ಹತ್ತರಲ್ಲಿ ಮೂರು ನಾಲ್ಕರವರೆಗೆ ಇದ್ದು ಮರುದಿನ ಬೆಳಿಗ್ಗೆಗೆ ಇಳಿದರೆ ಮುಂದುವರಿಸಿ. ಮರುದಿನವೂ ಉಳಿದರೆ ಅರ್ಧಕ್ಕೆ ಇಳಿಸಿ. ಸ್ನಾಯುವಿಗೆ ಬಲ ಬರಲು ಆರರಿಂದ ಎಂಟು ವಾರ ಹಿಡಿಯುತ್ತದೆ, ಎರಡನೇ ವಾರದಲ್ಲಿ ನೋವು ಕಡಿಮೆಯಾಯಿತೆಂದು ಬಿಟ್ಟವರೇ ಹೆಚ್ಚು.

ಕೈಗೆ ಸಿಗದ ಆ ಗಂಟಿಗೆ ಟೆನಿಸ್ ಚೆಂಡು. ಚೆಂಡನ್ನು ಉದ್ದನೆಯ ಕಾಲುಚೀಲದೊಳಗೆ ಹಾಕಿ, ಕಾಲುಚೀಲದ ಬಾಯಿಯನ್ನು ಹೆಗಲ ಮೇಲಿಂದ ಹಿಡಿದು, ಗೋಡೆಗೂ ಬೆನ್ನಿಗೂ ನಡುವೆ ಚೆಂಡನ್ನು ಬೇಕಾದ ಕಡೆ ನಿಲ್ಲಿಸಿ. ಮೂಳೆಯ ಮೇಲೆ ಬೇಡ, ಪಕ್ಕದ ಮಾಂಸದ ಮೇಲೆ, 30ರಿಂದ 60 ಸೆಕೆಂಡು. ಮಕ್ಕಳಿಂದ ಬೆನ್ನು ತುಳಿಸಿಕೊಳ್ಳುವುದು ವಯಸ್ಸಾದವರಿಗೆ ಪಕ್ಕೆಲುಬು ಮುರಿಯುವ ದಾರಿ. ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಂಡರೆ ಚಳುಕು ಹೋಗುತ್ತದೆ ಅನ್ನುವ ನಂಬಿಕೆ ಇದೆ. ಮೆಲ್ಲಗೆ ಒದೆಸಿಕೊಂಡರೆ ನಷ್ಟವಿಲ್ಲ, ಚಳುಕು ಹೇಗೂ ಹೋಗುವಂಥದ್ದೇ. ಕ್ಷೌರದಂಗಡಿಯಲ್ಲಿ ಕತ್ತನ್ನು ಲಟಕ್ ಎಂದು ತಿರುಗಿಸುವುದು ಮಾತ್ರ ತಮಾಷೆಯಲ್ಲ, ಮೆದುಳಿಗೆ ಹೋಗುವ ರಕ್ತನಾಳದ ಒಳಪದರ ಹರಿದು ಪಾರ್ಶ್ವವಾಯು ಆದ ಪ್ರಕರಣಗಳಿವೆ. ಕುರ್ಚಿಯಲ್ಲಿ ಕೂರುವ ಮುಂಚೆಯೇ ‘ಕತ್ತು ಮುಟ್ಟಬೇಡಿ’ ಅನ್ನಿ.

ಎಂಆರ್‌ಐ ತೆಗೆಸಲು ಅವಸರ ಬೇಡ. 1995ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ ಬೆನ್ನಿನ ಈ ಭಾಗದಲ್ಲಿ ನೋವೇ ಇಲ್ಲದ 90 ಜನರ ಎಂಆರ್‌ಐ ನೋಡಿದಾಗ 66 ಜನರಲ್ಲಿ ಏನಾದರೊಂದು ‘ದೋಷ’ ಕಂಡಿತ್ತು. ವರದಿಯಲ್ಲಿ ಬರೆದದ್ದೆಲ್ಲ ನೋವಿನ ಕಾರಣವಲ್ಲ. ಮೇಲೆ ಹೇಳಿದ ಅಪಾಯದ ಗುರುತು ಇಲ್ಲದಿದ್ದರೆ ಆರು ವಾರ ಈ ಕೆಲಸ ಮಾಡಿ ನೋಡಿ, ನೋವು ಬಗ್ಗದಿದ್ದರೆ ಫಿಸಿಯೋಥೆರಪಿಸ್ಟ್ ಬಳಿ ಹೋಗಿ. ಮೊದಲ ದಿನವೇ ಅವರು ನಿಮ್ಮ ಕತ್ತು ತಿರುಗಿಸಿ ನೋಡಬೇಕು, ಎರಡೂ ಕೈ ಎತ್ತಿಸಿ ಹೆಗಲೆಲುಬು ಹೇಗೆ ಸರಿಯುತ್ತದೆ ನೋಡಬೇಕು, ನಿಮ್ಮ ಕೆಲಸ ಏನೆಂದು ಕೇಳಬೇಕು. ಏನೂ ನೋಡದೆ ಬೆನ್ನಿಗೆ ಪ್ಯಾಡ್ ಅಂಟಿಸಿ ಕರೆಂಟು ಯಂತ್ರ ಹಾಕಿ ‘ಹತ್ತು ಸಿಟ್ಟಿಂಗ್ ಆಗಲಿ’ ಅಂದರೆ, ಮನೆಯಲ್ಲಿ ಏನು ಮಾಡಬೇಕು ಬರೆದುಕೊಡಿ ಎಂದು ಕೇಳಿ. ಬರೆದುಕೊಡಲು ಏನೂ ಇಲ್ಲದಿದ್ದರೆ ಬೇರೆಯವರನ್ನು ಹುಡುಕಿ.